ಶುಗರ್ ಗುಳಿಗಿ ತಿಂದ್ರ ಕಿಡ್ನಿ ಹೋಗ್ತದಂತಲ್ರಿ, ಖರೇನಾ?

ಪ್ರಶ್ನೆ: ಸರ್, ನಮ್ಮ ಅಪ್ಪಾಜಿಗಿ ಶುಗರ್ ಬಂದು ಹತ್ತು ವರ್ಷ ಆಯ್ತು, ಮೆಟ್‌ಫಾರ್ಮಿನ್ ನಡದದ. ಇಷ್ಟು ವರ್ಷ ಗುಳಿಗಿ ತಿಂದ್ರ ಕಿಡ್ನಿ ಫೇಲ್ ಆಗ್ತದ ಅಂತ ಮನ್ಯಾಗ ಎಲ್ಲಾರೂ ಹೇಳ್ಲತ್ತಾರ. ಬಂದ್ ಮಾಡಿ ನಾಟಿ ಔಷಧ ಶುರು ಮಾಡ್ಬೇಕಂತ ಮಾಡೀವಿ. ಏನಂತೀರಿ?

ಬಂದ್ ಮಾಡಬ್ಯಾಡ್ರಿ. ಉತ್ತರ ಇಷ್ಟೇ, ಆದ್ರ ಇಷ್ಟಕ್ಕ ಯಾರೂ ಒಪ್ಪಂಗಿಲ್ಲ ಅಂತ ನನಗ ಗೊತ್ತದ. ಸೇಡಂನೋರು ಕೇಳ್ತಾರ, ಆಳಂದದೋರು ಕೇಳ್ತಾರ, ಕಲಬುರಗಿದಾಗ ನಮ್ಮ ಮೆಡಿಕಲ್ ಅಂಗಡಿ ಕೌಂಟರ್ ಮುಂದ ನಿಂತು ದಿನಾ ಯಾರರ ಒಬ್ಬರು ಕೇಳೇ ಕೇಳ್ತಾರ, ಹೇಳಿ ಹೇಳಿ ಬಾಯಿ ಒಣಗ್ಯದ. ಅದಕ್ಕ ಈ ಸಲ ಪೂರ್ತಿ ಬರೀಲತ್ತೀನಿ, ಇನ್ ಮ್ಯಾಲ ಕೇಳಿದೋರಿಗಿ ಇದನ್ನೇ ಕಳಸ್ತೀನಿ.

ಕಿಡ್ನಿ ಕೆಡಸೋದು ಶುಗರ್. ಒಂದೊಂದು ಕಿಡ್ನ್ಯಾಗ ಸುಮಾರು 10 ಲಕ್ಷ ನೆಫ್ರಾನ್ ಅನ್ನೋ ಸಣ್ಣ ಸೋಸುಗ ಇರ್ತಾವ, ಒಂದೊಂದ್ರಾಗೂ ಕೂದಲಕ್ಕಿಂತ ಸಣ್ಣ ರಕ್ತನಾಳದ ಗೊಂಚಲು, ಎಲ್ಲಾ ಸೇರಿ ದಿನಕ್ಕ 180 ಲೀಟರ್ ತನಕ ಸೋಸ್ತಾವ, ಅದ್ರಾಗ ಒಂದೂವರಿ ಎರಡು ಲೀಟರ್ ಮಾತ್ರ ಮೂತ್ರ ಆಗಿ ಹೊರಗ ಹೋಗ್ತದ, ಉಳಿದದ್ದು ವಾಪಸ್ ರಕ್ತಕ್ಕ. ರಕ್ತದಾಗ ಸಕ್ಕರಿ ವರ್ಷಗಟ್ಲೆ ಜಾಸ್ತಿ ಇದ್ರ ಈ ಗೊಂಚಲಿನ ಒಳಗ ಪ್ರೆಶರ್ ಏರ್ತದ, ಗೋಡಿ ದಪ್ಪ ಆಗ್ತದ, ಆಮ್ಯಾಲ ಒಳಗೇ ಇರಬೇಕಾದ ಆಲ್ಬುಮಿನ್ ಅನ್ನೋ ಪ್ರೋಟೀನ್ ಮೂತ್ರದಾಗ ಸೋರ್ಲಿಕ್ಕೆ ಶುರು ಆಗ್ತದ. ಬಿಪಿನೂ ಇದ್ರ ಇನ್ನೂ ಜಲ್ದಿ. ಇದೆಲ್ಲಾ ನಡೆಯೋವಾಗ ಒಂದ್ ಚೂರೂ ನೋವಾಗಂಗಿಲ್ಲ. ಟೊಂಕ ನೋವಾದ್ರ ಕಿಡ್ನಿ ಅಂತ ಓಡಿ ಬರ್ತಾರಲ್ಲ, ಅದು ಬಹುತೇಕ ಟೊಂಕದ್ದೇ ನೋವು.

ಮತ್ತ ಗುಳಿಗಿ ಹೆಸರ್ ಯಾಕ ಕೆಟ್ಟಿತು? ಇಲ್ಲೇ ಅದ ನೋಡ್ರಿ ಮಜಾ.

ಮೆಟ್‌ಫಾರ್ಮಿನ್ ಮೈಯಾಗ ಕರಗಿ ಬ್ಯಾರೆ ಏನೋ ಆಗೋ ಔಷಧ ಅಲ್ಲ, ತಿಂದದ್ದು ಹಂಗೇ ಕಿಡ್ನಿಯಿಂದ ಹೊರಗ ಹೋಗ್ತದ. ಕಿಡ್ನಿ ಚಲೋ ಇದ್ದಾಗ ಏನೂ ತೊಂದ್ರಿ ಇಲ್ಲ. ಕಿಡ್ನಿ ಭಾಳ ಸುಸ್ತಾದ ಮ್ಯಾಲ ಅದು ಹೊರಗ ಹೋಗ್ದೆ ಮೈಯಾಗೇ ಉಳಕೊಂಡು, ಅಪರೂಪಕ್ಕ ರಕ್ತದಾಗ ಲ್ಯಾಕ್ಟಿಕ್ ಆಸಿಡ್ ಏರಬಹುದು. ಅದಕ್ಕ ಡಾಕ್ಟರ್ ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸ್ಲತ್ತದ ಅನ್ನೋ ಲೆಕ್ಕ) ನೋಡ್ತಾರ, 45ರ ಕೆಳಗ ಬಂದ್ರ ಡೋಸ್ ಕಮ್ಮಿ ಮಾಡ್ತಾರ, 30ರ ಕೆಳಗ ಬಂದ್ರ ಬಂದ್ ಮಾಡ್ತಾರ. ಈಗ ಮನಿಯೋರ ಲೆಕ್ಕ ನೋಡ್ರಿ: ಹತ್ತು ವರ್ಷ ಗುಳಿಗಿ ತಿಂದ್ರು, ಕಿಡ್ನಿ ಹೋಯ್ತು, ಡಾಕ್ಟರೇ ಗುಳಿಗಿ ಬಿಡಿಸಿದ್ರು, ಅಂದ ಮ್ಯಾಲ ಗುಳಿಗಿದೇ ತಪ್ಪು! ಭೀಮಾ ಹೊಳಿ ತುಂಬಿ ಬಂದಾಗ ಅಫಜಲಪುರ ಕಡಿ ಸೇತುವೆ ಮ್ಯಾಲ ಬಸ್ ಬಂದ್ ಮಾಡ್ತಾರಲ್ಲ, ಹಂಗಂತ ಬಸ್ಸಿನಿಂದೇ ಹೊಳಿ ಬಂತು ಅನ್ಲಿಕ್ಕೆ ಬರ್ತದೇನು?

ಈ ಔಷಧ ನಿನ್ನಿ ಮೊನ್ನಿ ಬಂದದ್ದೂ ಅಲ್ಲ. ಇಂಗ್ಲೆಂಡಿನಾಗ 1958ರಿಂದ ಕೊಡ್ಲತ್ತಾರ. ಮೊದಲ ಅಮೆರಿಕಾದಾಗ ಕ್ರಿಯಾಟಿನಿನ್ (ಕಿಡ್ನಿ ಹೊರಗ ಹಾಕೋ ರಕ್ತದಾಗಿನ ಕಸ) ಸ್ವಲ್ಪ ಏರಿದ್ರೂ ಮೆಟ್‌ಫಾರ್ಮಿನ್ ಕೊಡಬ್ಯಾಡ್ರಿ ಅಂತ ರೂಲ್ ಇತ್ತು, 2016ರಾಗ ಅಲ್ಲಿನ ಔಷಧ ಇಲಾಖೆ ಎಫ್‌ಡಿಎ ಅದನ್ನ ಸಡ್ಲ ಮಾಡಿ, ಇಜಿಎಫ್ಆರ್ 30ಕ್ಕಿಂತ ಕೆಳಗ ಇದ್ದೋರಿಗಿ ಮಾತ್ರ ಬ್ಯಾಡ ಅಂತು. ಕಿಡ್ನಿ ತಿನ್ನೋ ಔಷಧ ಆಗಿದ್ರ ರೂಲ್ ಬಿಗಿ ಮಾಡ್ತಿದ್ರೋ ಸಡ್ಲ ಮಾಡ್ತಿದ್ರೋ ನೀವೇ ಹೇಳ್ರಿ. ಅದಕ್ಕೂ ಮೊದಲ 1998ರಾಗ ಯುಕೆಪಿಡಿಎಸ್ ಅನ್ನೋ ದೊಡ್ಡ ಸ್ಟಡಿ ರಿಸಲ್ಟ್ ಬಂತು, ಗುಳಿಗಿ ಇಲ್ಲಾ ಇನ್ಸುಲಿನ್ ತಗೊಂಡು ಶುಗರ್ ಬಿಗಿಯಾಗಿ ಹಿಡಿದಿಟ್ಟೋರಿಗಿ ಕಣ್ಣು ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದ್ರಿ 25% ಕಮ್ಮಿ ಆಗಿತ್ತು.

ಇನ್ನೊಂದು ಆಟ ಅದ. ಗುಳಿಗಿ ಬಿಟ್ಟೋರು ಒಂದಿಷ್ಟು ಮಂದಿ ಎದಿ ಉಬ್ಬಿಸ್ಕೊಂಡು ಬರ್ತಾರ, "ನೋಡ್ರಿ, ಗುಳಿಗಿ ಬಿಟ್ಟೀನಿ, ಆದ್ರೂ ಶುಗರ್ ತಾನೇ ಇಳದದ" ಅಂತ. ನನಗ ಗಾಬರಿ ಆಗೋದು ಆವಾಗೇ. ಇನ್ಸುಲಿನ್ ಒಡದು ಹೊರಗ ಹಾಕೋ ಕೆಲಸದಾಗ ಕಿಡ್ನಿದೂ ಪಾಲದ, ಕಿಡ್ನಿ ಸೋತ್ರ ಇನ್ಸುಲಿನ್ ಮೈಯಾಗ ಜಾಸ್ತಿ ಹೊತ್ತು ಉಳಿತದ, ಗ್ಲಿಮೆಪಿರೈಡ್ ಗ್ಲಿಬೆನ್‌ಕ್ಲಾಮೈಡ್ ಅಂಥ ಶುಗರ್ ಗುಳಿಗಿ ಇನ್ನೂ ತಿನ್ನೋರಿದ್ರ ಅದರ ಜೋರೂ ಜಾಸ್ತಿ ಹೊತ್ತು ನಡಿತದ, ಶುಗರ್ ಧಡಕ್ಕನ ಇಳಿತದ. ಪಥ್ಯ ಮಾಡಿಲ್ಲ, ತೂಕ ಇಳಿಸಿಲ್ಲ, ಆದ್ರೂ ಹಳೇ ಶುಗರ್ ತಾನೇ ಇಳೀಲತ್ತದ ಅಂದ್ರ ಪೇಢಾ ಹಂಚಬ್ಯಾಡ್ರಿ, ಕ್ರಿಯಾಟಿನಿನ್ ಮಾಡಿಸ್ರಿ.

ಹಂಗಾದ್ರ ಯಾವ ಗುಳಿಗಿನೂ ಕಿಡ್ನಿ ಕೆಡಸಂಗಿಲ್ಲೇನು? ಕೆಡಸ್ತಾವ. ಆದ್ರ ಅವನ್ನ ಯಾರೂ ಬೈಯಂಗಿಲ್ಲ. ಮೊನ್ನಿ ಚಿಂಚೋಳಿ ಕಡಿ ಒಬ್ಬರು ಕಾಕಾ ಬಂದು ಪ್ಲಾಸ್ಟಿಕ್ ಚೀಲ ಕೌಂಟರ್ ಮ್ಯಾಲ ಸುರುವಿದ್ರು. ಮೆಟ್‌ಫಾರ್ಮಿನ್ ಸ್ಟ್ರಿಪ್ ಒಂದೂ ಒಡದಿಲ್ಲ. ಡೈಕ್ಲೋಫೆನಾಕ್ ಸ್ಟ್ರಿಪ್ ಪೂರಾ ಖಾಲಿ, ಬರೀ ಬೆಳ್ಳಗಿನ ಕಾಗದ ಉಳದದ.

"ಕಾಕಾ, ಶುಗರಿನವು ಯಾಕ ತಿಂದಿಲ್ರಿ?"

"ಏ ತಮ್ಮಾ, ಅವು ಕಿಡ್ನಿಗಿ ಹೊಡಿತಾವಂತಲ್ಲೋ."

"ಮತ್ತ ಇವು?"

"ಇವು ಮೊಣಕಾಲ್ ಬ್ಯಾನಿವು. ಇನ್ನ ಎರಡ್ ಸ್ಟ್ರಿಪ್ ಕೊಡು."

ಕೊಡ್ಲಿಲ್ಲ. ಮುಂದಿನ ಅಂಗಡ್ಯಾಗ ತಗೊಂಡಿರ್ತಾರ, ಅದೂ ಗೊತ್ತದ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಈ ಜಾತಿ ನೋವಿನ ಗುಳಿಗಿ ಕಿಡ್ನಿಗಿ ಹೋಗೋ ರಕ್ತಾನೇ ಕಮ್ಮಿ ಮಾಡ್ತಾವ. ಅದ್ರ ಮ್ಯಾಲ ಬಿಪಿಗಿ ಟೆಲ್ಮಿಸಾರ್ಟನ್ ನಡದದ, ಜೋಡಿ ಮೂತ್ರ ಜಾಸ್ತಿ ಮಾಡಿಸೋ ನೀರಿನ ಗುಳಿಗಿ ಅದ, ಮೇ ತಿಂಗಳ ನಮ್ಮೂರ ಬಿಸಿಲು, ಹೊಲ್ದಾಗ ದಿನಾ ಇಡೀ ಕುಡಿದದ್ದು ಎರಡು ತಂಬಿಗಿ ನೀರು ಅಂದ್ರ, ಚಲೋ ಇದ್ದ ಕಿಡ್ನಿನೂ ವಾರದಾಗ ಕೈ ಕೊಡಬಹುದು. ನಾಟಿ ಔಷಧದ ಮಾತೂ ಹೇಳಿಬಿಡ್ತೀನಿ, ಲೇಬಲ್ ಇಲ್ದ ಪುಡಿ ಭಸ್ಮದಾಗ ಸೀಸ ಪಾದರಸ ಸಿಕ್ಕದ್ದು ಹೊಸ ಸುದ್ದಿ ಅಲ್ಲ, ಎರಡೂ ಕಿಡ್ನಿಗಿ ವಿಷ. ಗುಳಿಗಿಗಿ ಹೆದರಿ ಅದರ ಕೈಯಾಗ ಅಪ್ಪಾಜಿನ್ನ ಕೊಡ್ತೀರಿ?

ಟೆಲ್ಮಿಸಾರ್ಟನ್ ಹೆಸರು ತಗೊಂಡೆ ಅಂತ ಅದನ್ನೂ ಬಿಟ್ಟುಬಿಟ್ಟೀರಿ ಮತ್ತ! ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಇವು ಆಲ್ಬುಮಿನ್ ಸೋರೋದನ್ನ ಕಮ್ಮಿ ಮಾಡ್ತಾವ. ಡಾಪಾಗ್ಲಿಫ್ಲೋಜಿನ್ ಜಾತಿ ಶುಗರ್ ಗುಳಿಗಿನೂ ಕಿಡ್ನಿ ಉಳಸ್ತಾವ, 2020ರ ಮ್ಯಾಲ ನಮ್ಮ ದೇಶದಾಗ ಅದರ ಪೇಟೆಂಟ್ ಮುಗದು ರೇಟೂ ಭಾಳ ಇಳದದ. ಇವೆಲ್ಲಾ ಶುರು ಮಾಡಿದ ಮೊದಲ ವಾರಗಳಾಗ ಕ್ರಿಯಾಟಿನಿನ್ ಒಂಚೂರು ಏರಬಹುದು, ಆ ರಿಪೋರ್ಟ್ ಹಿಡ್ಕೊಂಡು "ನೋಡ್ರಿ ಗುಳಿಗಿ ಕಿಡ್ನಿ ತಿಂತು" ಅನ್ನೋರು ಇನ್ನೊಂದು ಪಾರ್ಟಿ. ಎಷ್ಟು ಏರಿದ್ರ ನಡಿತದ ಅನ್ನೋದು ಗುಳಿಗಿ ಬರದು ಕೊಟ್ಟ ಡಾಕ್ಟರಿಗಿ ಗೊತ್ತಿರ್ತದ, ಅವರಿಗಿ ತೋರಿಸ್ರಿ. ಹಾಂ, ವಾಂತಿ ಭೇದಿ ಹತ್ತಿ ನೀರೂ ಹೊಟ್ಯಾಗ ನಿಲ್ಲವಲ್ದು ಅಂದ್ರ ಮಾತ್ರ ಅವತ್ತೇ ಡಾಕ್ಟರಿಗಿ ಫೋನ್ ಮಾಡಿ ಕೇಳ್ರಿ, ಮೆಟ್‌ಫಾರ್ಮಿನ್, ಡಾಪಾ, ಬಿಪಿ ಗುಳಿಗಿ ಎರಡು ಮೂರು ದಿನ ನಿಲ್ಲಸ್ಲಿಕ್ಕೆ ಹೇಳಬಹುದು.

ಅಪ್ಪಾಜಿಗಿ ಮಾಡಿಸಬೇಕಾದದ್ದು ಎರಡು ಟೆಸ್ಟು, ವರ್ಷಕ್ಕ ಒಮ್ಮೆರ. ಮೂತ್ರದಾಗ ಎಸಿಆರ್ (ಆಲ್ಬುಮಿನ್ ಎಷ್ಟು ಸೋರ್ಲತ್ತದ ಅನ್ನೋ ಲೆಕ್ಕ, ಮಿ.ಗ್ರಾಂ/ಗ್ರಾಂ), ರಕ್ತದಾಗ ಕ್ರಿಯಾಟಿನಿನ್ ಮತ್ತ ಇಜಿಎಫ್ಆರ್. ಬರೀ ಕ್ರಿಯಾಟಿನಿನ್ ನೋಡಿ "ನಾರ್ಮಲ್ ಅದ" ಅಂತ ಮನಿಗಿ ಹೋಗಬ್ಯಾಡ್ರಿ, ಅರ್ಧ ಕಿಡ್ನಿ ಕೆಲಸ ಹೋಗೋ ತನಕ ಅದು ನಾರ್ಮಲೇ ತೋರಿಸಬಹುದು. ಎಸಿಆರ್ 30ರ ಕೆಳಗ ಇದ್ರ ಚಲೋ, 30ರಿಂದ 300 ಇದ್ರ ಸೋರ್ಲಿಕ್ಕೆ ಶುರು ಆಗ್ಯದ, 300 ದಾಟಿದ್ರ ಜೋರಾಗ್ಯದ. ಜ್ವರ ಬಂದಾಗ ಮಾಡಿಸಿದ್ರ ಸುಮ್ಕ ಏರಿರ್ತದ, ಹೊಳ್ಳಿ ಮಾಡಿಸ್ರಿ.

ಈಗ ಯಾರೂ ಕೇಳದ ಒಂದು ಪ್ರಶ್ನೆ, ಅಂದ್ರ ಕೇಳದೆನೇ ಎಲ್ಲಾರೂ ತಾವೇ ಉತ್ತರ ಮಾಡಿಕೊಂಡು ಕುಂತದ್ದು: ಬ್ಯಾಳಿ ಬಿಡಬೇಕಾ? ಕ್ರಿಯಾಟಿನಿನ್ ಏರ್ಯದ ಅಂದ ಕೂಡ್ಲೇ ಮನ್ಯಾಗ ತೊಗರಿ ಬ್ಯಾಳಿ ಬಂದ್. ಜಿಐ ಟ್ಯಾಗ್ (ಊರಿನ ವಿಶೇಷ ಬೆಳಿ ಅನ್ನೋ ಸರ್ಕಾರಿ ಗುರುತು) ಬಂದ ತೊಗರಿ ಬೆಳೆಯೋ ಊರಾಗ ರೊಟ್ಟಿ ಜೋಡಿ ಬರೀ ಮಜ್ಜಿಗಿ ನೀರು ಉಣ್ಣೋರನ್ನ ನೋಡಿ ನನಗ ಸಂಕಟ ಆಗ್ತದ. ಡಯಾಲಿಸಿಸ್ (ಮಷಿನಿನಾಗ ರಕ್ತ ಸೋಸೋದು) ಇಲ್ಲದ ಕಿಡ್ನಿ ಪೇಷಂಟಿಗಿ ಸಾಮಾನ್ಯಾಗಿ ಹೇಳೋದು ಕಿಲೋ ತೂಕಕ್ಕ 0.8 ಗ್ರಾಂ ಪ್ರೋಟೀನ್, 60 ಕಿಲೋ ಇದ್ದೋರಿಗಿ ದಿನಕ್ಕ 48 ಗ್ರಾಂ. 100 ಗ್ರಾಂ ಒಣ ತೊಗರಿ ಬ್ಯಾಳ್ಯಾಗ ಸುಮಾರು 22 ಗ್ರಾಂ ಇರ್ತದ, ಒಬ್ಬರು ಒಂದು ಬಟ್ಲ ಬ್ಯಾಳಿ ಉಂಡ್ರ ಅದ್ರಾಗ ಒಣ ಬ್ಯಾಳಿ 30 ಗ್ರಾಂ ಇದ್ರ ಹೆಚ್ಚು. ಲೆಕ್ಕ ನೀವೇ ಹಾಕ್ರಿ. ರಕ್ತದಾಗ ಪೊಟ್ಯಾಸಿಯಂ ಏರಿದ್ರ ಆ ಮಾತು ಬ್ಯಾರೆ, ಬ್ಯಾಳಿ ನೆನಸಿ ಆ ನೀರು ಚೆಲ್ಲಿ ಕುದಸ್ಲಿಕ್ಕೆ ಹೇಳ್ತಾರ. ಡಯಾಲಿಸಿಸ್ ಶುರು ಆದ ಮ್ಯಾಲ ಲೆಕ್ಕ ಪೂರಾ ಉಲ್ಟಾ, ಮಷಿನಿನಾಗ ಪ್ರೋಟೀನ್ ಹೋಗ್ತದ, ಆವಾಗ 1ರಿಂದ 1.2 ಗ್ರಾಂ ತನಕ ಬೇಕು, ಆದ್ರ ನಮ್ಮ ಕಡಿ ಬೀಗರು ಬಂದು ಬ್ಯಾಳಿ ಬಿಡಿಸೋದೂ ಆವಾಗೇ.