ನಮ್ಮ ಓಣಿಗೆ ಯಾರೂ ಬರಲಿಲ್ಲ, ಮತ್ತೆ ದೇಶದ ಬಿಪಿ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ದೇಶದಲ್ಲಿ ನೂರಕ್ಕೆ ಇಷ್ಟು ಜನರಿಗೆ ಬಿಪಿ, ಇಷ್ಟು ಜನರಿಗೆ ಶುಗರ್ ಅಂತ ಪೇಪರಿನಲ್ಲಿ ಆಗಾಗ ಬರುತ್ತದೆ. ನನಗೆ ಈಗ 52 ವರ್ಷ. ಇವತ್ತಿನವರೆಗೆ ನಮ್ಮ ಮನೆಗಾಗಲಿ, ಓಣಿಗಾಗಲಿ ಯಾರೂ ಬಂದು ಲೆಕ್ಕ ತಗೊಂಡಿಲ್ಲ. ಹಾಗಾದರೆ ಈ ಅಂಕಿ ಎಲ್ಲಿಂದ ಬರುತ್ತವೆ? ಸುಮ್ನೆ ಅಂದಾಜಿಗೆ ಬರೆಯುತ್ತಾರಾ? ಅದೂ ಒಂದೊಂದು ಸಲ ಒಂದೊಂದು ಅಂಕಿ!
– ಓದುಗರು, ಬೆಟಗೇರಿ

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತಲೇ ಇರುತ್ತದೆ, ಬಹಳ ಸಲ ಸಿಟ್ಟಿನಲ್ಲಿ. ಬೆಟಗೇರಿಯವರು ಸಮಾಧಾನದಿಂದ ಕೇಳಿದ್ದಾರೆ, ಹಾಗಾಗಿ ಅವರ ಹೆಸರಲ್ಲೇ ಉತ್ತರ.

ನಿಮ್ಮ ಮನೆಗೆ ಯಾಕೆ ಬರಲಿಲ್ಲ ಅನ್ನುವುದನ್ನು ಮೊದಲು ನೋಡೋಣ. 2017-18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಬೆಂಗಳೂರಿನ ಕೇಂದ್ರವೊಂದು ಮುಂದೆ ನಿಂತು ಒಂದು ರಾಷ್ಟ್ರೀಯ ಸರ್ವೆ ಮಾಡಿಸಿತು. ಬಿಪಿ, ಶುಗರ್, ತಂಬಾಕು, ಕುಡಿತ, ಉಪ್ಪು, ಬೊಜ್ಜು, ಹೀಗೆ ದೀರ್ಘಕಾಲದ ಕಾಯಿಲೆಗೆ ದಾರಿ ಮಾಡುವ ಎಲ್ಲದರ ಲೆಕ್ಕ. ಇಡೀ ದೇಶದಲ್ಲಿ ಆರಿಸಿದ್ದು 600 ಜಾಗ, ಹಳ್ಳಿ ಕಡೆ 300, ಪಟ್ಟಣ ಕಡೆ 300. ಒಂದೊಂದು ಜಾಗದಲ್ಲಿ 20 ಮನೆ. ಅಲ್ಲಿಗೆ 12,000 ಮನೆ. 2011ರ ಜನಗಣತಿಯಲ್ಲೇ ದೇಶದಲ್ಲಿ 24 ಕೋಟಿಗೂ ಜಾಸ್ತಿ ಕುಟುಂಬಗಳಿದ್ದವು. ಅಂದರೆ 20 ಸಾವಿರ ಮನೆಗೆ ಒಂದು ಮನೆ.

ಇದನ್ನೇ ನಮ್ಮ ಕಡೆಗೆ ಇಳಿಸಿ ನೋಡಿ. ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ ಅದೇ ಜನಗಣತಿಯಲ್ಲಿ 9.4 ಲಕ್ಷ ಜನ. ಮನೆಗೆ ಐದು ಮಂದಿ ಅಂತ ಹಿಡಿದರೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಮನೆ. ಅವಳಿ ನಗರದ ಪಾಲಿಗೆ ಬರುವುದು ಒಂಬತ್ತೇ ಮನೆ! ಅದೂ ಹಾಗೆ ಬಿಡಿಬಿಡಿಯಾಗಿ ಹಂಚುವುದಿಲ್ಲ. ಒಂದು ಜಾಗ ಆಯ್ಕೆಯಾದರೆ ಅಲ್ಲೇ 20 ಮನೆ, ಆಗದಿದ್ದರೆ ಊರಿಗೆ ಊರೇ ಖಾಲಿ. ಬೆಟಗೇರಿಗೆ ಬರದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಬಂದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಇಷ್ಟು ಕಡಿಮೆ ಮನೆ ನೋಡಿ ಇಡೀ ದೇಶದ ಮಾತು ಹೇಳಬಹುದಾ? ಬ್ಯಾಡಗಿ ಮಾರ್ಕೆಟ್ಟಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕೊಳ್ಳುವವರು ರಾಶಿಯಲ್ಲಿರುವ ಒಂದೊಂದೇ ಮೆಣಸಿನಕಾಯಿ ಎತ್ತಿ ನೋಡುತ್ತಾ ಕೂರುವುದಿಲ್ಲ. ಹಾಗಂತ ಚೀಲದ ಬಾಯಲ್ಲಿರುವ ಕಾಯಿ ನೋಡಿ ರೇಟೂ ಹಾಕುವುದಿಲ್ಲ. ಮೇಲೆ ಕಾಣುವುದು ಮಾರುವವನು ತೋರಿಸಬೇಕು ಅಂದುಕೊಂಡ ಕಾಯಿ, ಅಲ್ವಾ? ಒಳಗೆ ಕೈ ಹಾಕಿ, ನಾಲ್ಕು ಕಡೆಯಿಂದ ಒಂದೊಂದು ಹಿಡಿ ತೆಗೆದರೆ ಬಣ್ಣ, ತೇವ ಎಲ್ಲ ಗೊತ್ತಾಗುತ್ತದೆ. ಎಷ್ಟು ತೆಗೆದಿರಿ ಅನ್ನುವುದಕ್ಕಿಂತ ಎಲ್ಲಿಂದ ತೆಗೆದಿರಿ ಅನ್ನುವುದು ದೊಡ್ಡದು.

ಅದಕ್ಕೇ ಸಂಜೆ ಹೊತ್ತು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಟೇಬಲ್ ಹಾಕಿ ಒಂದು ಲಕ್ಷ ಜನರ ಬಿಪಿ ನೋಡಿದರೂ ಅದು ಸರ್ವೆ ಆಗುವುದಿಲ್ಲ. ಅಲ್ಲಿ ಸಿಗುವವರು ಸಂಜೆ ಪೇಟೆಗೆ ಬರುವವರು, ಗಿರ್ಮಿಟ್ ತಿನ್ನುವವರು. ಮನೆಯಲ್ಲಿ ಕಾಲುನೋವು ಅಂತ ಮಲಗಿದ ಅಜ್ಜಿ, ರಾತ್ರಿ ಪಾಳಿಗೆ ಹೋದ ಡ್ರೈವರ್ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಮನೆಯೊಳಗೂ ಇದೇ ನಿಯಮ. ಬಾಗಿಲು ತೆಗೆದವರನ್ನೇ ಕೂರಿಸಿ ಬಿಪಿ ನೋಡಿದರೆ ದೇಶದ ತುಂಬ ರಿಟೈರ್ ಆದವರ ಬಿಪಿಯೇ ಸಿಗುತ್ತದೆ. ಹಾಗಾಗಿ ಮನೆಯಲ್ಲಿರುವ ವಯಸ್ಕರ ಪಟ್ಟಿ ಮಾಡಿ, ಒಂದು ಕೋಷ್ಟಕದ ಪ್ರಕಾರ ಒಬ್ಬರನ್ನು ಆರಿಸುತ್ತಾರೆ. ಅವರು ಹೊಲಕ್ಕೆ ಹೋಗಿದ್ದರೆ ಮತ್ತೆ ಬರಬೇಕು. "ನನ್ನದೇ ನೋಡ್ರಿ, ನಾ ಇಲ್ಲೇ ಅದೀನಲ್ಲ" ಅಂದರೆ ನಡೆಯುವುದಿಲ್ಲ. ಪಾಪ, ಸರ್ವೆಗೆ ಹೋಗುವ ಹುಡುಗ ಹುಡುಗಿಯರು ಇದಕ್ಕೆ ಬೈಸಿಕೊಳ್ಳುವುದೂ ಉಂಟು.

ಆಮೇಲೆ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಕ್ರಮ. ಮೊದಲು ಪ್ರಶ್ನೆ ಕೇಳುವುದು, ಆಮೇಲೆ ಎತ್ತರ, ತೂಕ, ಸೊಂಟದ ಸುತ್ತಳತೆ, ಬಿಪಿ ಅಳೆಯುವುದು, ಕೊನೆಗೆ ರಕ್ತ, ಮೂತ್ರ. ಬಿಪಿಯನ್ನು ಒಂದೇ ಸಲ ನೋಡಿ ಬರೆದುಕೊಳ್ಳುವುದಿಲ್ಲ. ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಕೊನೆಯ ಎರಡರ ಸರಾಸರಿ ತೆಗೆಯುವುದು ರೂಢಿ. ಗುರುತಿಲ್ಲದವರು ಬಂದು ತೋಳಿಗೆ ಪಟ್ಟಿ ಕಟ್ಟಿದರೆ ಯಾರ ಬಿಪಿಯಾದರೂ ಸ್ವಲ್ಪ ಏರುತ್ತದೆ.

ಕೇಳುವುದಷ್ಟೇ ಸಾಲುವುದಿಲ್ಲ ಅನ್ನುವುದಕ್ಕೆ ಉಪ್ಪಿನ ಉದಾಹರಣೆ ಸಾಕು. ನಮ್ಮ ಕಾಕುಗೆ ಕೇಳಿ ನೋಡಿ. "ನಾವು ಉಪ್ಪು ಅಷ್ಟೇನ್ ತಿನ್ನಂಗಿಲ್ಲ ಬಿಡ್ರಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪಲ್ಯಕ್ಕೆ ಹಾಕಿದ ಉಪ್ಪು ಅವರಿಗೆ ಗೊತ್ತು. ರೊಟ್ಟಿ ಜೊತೆಗಿನ ಉಪ್ಪಿನಕಾಯಿ, ಕೆಂಪು ಖಾರ, ಸಂಜೆಯ ಮಿರ್ಚಿ ಅವರ ಲೆಕ್ಕದಲ್ಲಿ ಉಪ್ಪೇ ಅಲ್ಲ. ಹಾಗಾಗಿ ಆ ಸರ್ವೆಯಲ್ಲಿ ಮೂತ್ರದಲ್ಲಿರುವ ಸೋಡಿಯಂ ಅಳೆದು ಲೆಕ್ಕ ಹಾಕಿದರು. ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ಅಂತ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ ಇರಲಿ ಅಂತ.

ಇನ್ನೊಂದು ಮಾತನ್ನೂ ಕೆಲವರು ಕೇಳುತ್ತಾರೆ. ಇಷ್ಟೆಲ್ಲ ಒದ್ದಾಟ ಯಾಕೆ, ಆಸ್ಪತ್ರೆಯ ರಿಜಿಸ್ಟರ್ ನೋಡಿದರೆ ಆಗುವುದಿಲ್ಲವಾ? ಆಗುವುದಿಲ್ಲ. ಆಸ್ಪತ್ರೆಗೆ ಗೊತ್ತಿರುವುದು ಆಸ್ಪತ್ರೆಗೆ ಬಂದವರು ಮಾತ್ರ. ಆ ಸರ್ವೆಯಲ್ಲಿ ನೂರಕ್ಕೆ 28.5 ವಯಸ್ಕರಿಗೆ ಬಿಪಿ ಇತ್ತು. ನನ್ನ ಪ್ರಕಾರ ಆ ಅಂಕಿಗಿಂತ ಅದರ ಹಿಂದಿನದು ಮುಖ್ಯ. ಬಿಪಿ ಇದ್ದವರಲ್ಲಿ ತಮಗೆ ಅದು ಇದೆ ಅಂತ ಗೊತ್ತಿದ್ದವರು ನೂರಕ್ಕೆ 27.9 ಮಾತ್ರ. ಔಷಧಿ ತಗೊಳ್ಳುತ್ತಿದ್ದವರು 14.5. ಹಿಡಿತದಲ್ಲಿ ಇದ್ದದ್ದು 12.6. ಅಂದರೆ ಹತ್ತು ಮಂದಿ ಬಿಪಿಯವರಲ್ಲಿ ಏಳು ಮಂದಿ ತಮಗೇನೂ ಇಲ್ಲ ಅಂದುಕೊಂಡು ಓಡಾಡಿಕೊಂಡಿದ್ದರು. ಈ ಏಳು ಮಂದಿಯ ಹೆಸರು ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅವರನ್ನು ಕಾಣಬೇಕಾದರೆ ಮನೆ ಬಾಗಿಲಿಗೇ ಹೋಗಬೇಕು.

ಇನ್ನು ಒಂದೊಂದು ಸಲ ಒಂದೊಂದು ಅಂಕಿ ಅನ್ನುವ ದೂರು. ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಪಿ ಇರುವ ಹೆಂಗಸರು ನೂರಕ್ಕೆ 21.3, ಗಂಡಸರು 24. ಮೇಲೆ ಹೇಳಿದ ಸರ್ವೆಯಲ್ಲಿ 28.5. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನದಲ್ಲಿ 35.5. ಮೂರರಲ್ಲಿ ಸುಳ್ಳು ಯಾವುದು? ಯಾವುದೂ ಅಲ್ಲ. ಯಾರನ್ನು ಅಳೆದರು ನೋಡಿ. ಕುಟುಂಬ ಸಮೀಕ್ಷೆ 15 ವರ್ಷದಿಂದ ಶುರು. ಪಿಯುಸಿ ಓದುವ ಹುಡುಗರನ್ನೂ ಸೇರಿಸಿದರೆ ಬಿಪಿಯ ಪಾಲು ಇಳಿಯಲೇಬೇಕು. ಎರಡನೆಯದು 18ರಿಂದ 69. ಇಂಡಿಯಾಬ್ 20 ವರ್ಷ ದಾಟಿದವರು, ಮೇಲೆ ಮಿತಿಯಿಲ್ಲ, ಎಂಬತ್ತರ ಅಜ್ಜನೂ ಒಳಗೆ. ವ್ಯತ್ಯಾಸಕ್ಕೆ ವಯಸ್ಸೊಂದೇ ಕಾರಣ ಅಂತಲ್ಲ, ಆದರೆ ಮೊದಲು ನೋಡಬೇಕಾದದ್ದು ಅದನ್ನೇ.

ಶುಗರ್ ವಿಷಯದಲ್ಲಿ ಇನ್ನೂ ಗೊಂದಲ. 2017-18ರ ಸರ್ವೆಯಲ್ಲಿ ಖಾಲಿ ಹೊಟ್ಟೆಯ ರಕ್ತ. ಇಂಡಿಯಾಬ್‌ನಲ್ಲಿ ಖಾಲಿ ಹೊಟ್ಟೆಯದರ ಜೊತೆಗೆ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮತ್ತೊಮ್ಮೆ. ಕುಟುಂಬ ಸಮೀಕ್ಷೆಯಲ್ಲಿ ಉಂಡಿರಲಿ, ಬಿಡಲಿ, ಆ ಹೊತ್ತಿನ ರಕ್ತ. ಪೇಡೆ ತಿಂದ ಮೇಲೆ ಬೆರಳು ಚುಚ್ಚಿಸಿಕೊಂಡವರಿಗೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಚುಚ್ಚಿಸಿಕೊಂಡವರಿಗೂ ಒಂದೇ ಅಂಕಿ ಬರುತ್ತದಾ? ಪೇಪರಿನವರು ಇದನ್ನೆಲ್ಲ ಬಿಟ್ಟು ಬರೀ ಅಂಕಿ ಹಾಕುತ್ತಾರೆ. ನಿಮ್ಮ ಸಿಟ್ಟು ಅಲ್ಲಿಗೆ ಹೋಗಲಿ.

ಹಾಗಾಗಿ ಒಂದು ಸರ್ವೆಯ ಅಂಕಿಯಿಂದ ಇನ್ನೊಂದರ ಅಂಕಿ ಕಳೆದು "ಬಿಪಿ ಇಷ್ಟು ಏರಿತು" ಅನ್ನಬಾರದು. ಅದೇ ಸರ್ವೆ, ಅದೇ ವಯಸ್ಸು, ಅದೇ ಪ್ರಶ್ನೆಯಾದರೆ ಹೋಲಿಸಬಹುದು. ವಯಸ್ಕರ ತಂಬಾಕು ಸರ್ವೆ 2009-10ರಲ್ಲಿ ಒಮ್ಮೆ, 2016-17ರಲ್ಲಿ ಮತ್ತೊಮ್ಮೆ ಆಯಿತು. ಕರ್ನಾಟಕದಲ್ಲಿ ತಂಬಾಕು ಬಳಸುವವರು ನೂರಕ್ಕೆ 28.2 ಇದ್ದದ್ದು 22.8ಕ್ಕೆ ಇಳಿಯಿತು. ಇದನ್ನು ಇಳಿಕೆ ಅನ್ನಬಹುದು.

ನಮ್ಮ ಜಿಲ್ಲೆಯದ್ದೇ ಬೇಕು ಅಂದರೆ 12,000 ಮನೆಯ ಸರ್ವೆ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಗದಗ, ಹಾವೇರಿ ಅಂತ ಬೇರೆ ಮಾಡಿ ಹೇಳುವಷ್ಟು ಮನೆಗಳೇ ಇರುವುದಿಲ್ಲ. ಕುಟುಂಬ ಸಮೀಕ್ಷೆ ನೋಡಿ. ಅದು ದೇಶದ 707 ಜಿಲ್ಲೆಗಳಲ್ಲಿ 6.36 ಲಕ್ಷ ಮನೆಗೆ ಹೋಗಿ ಬಂದದ್ದು. ಧಾರವಾಡ, ಗದಗ, ಹಾವೇರಿ ಮೂರಕ್ಕೂ ಬೇರೆ ಬೇರೆ ವರದಿ ಇದೆ.

ಕೊನೆಗೆ ಒಂದು ಅನುಮಾನ. "ಆಶಾ ಕಾರ್ಯಕರ್ತೆ ಬಂದು ಸೊಂಟ ಅಳೆದು ಹೋದರು, ಅದೇ ಸರ್ವೆನಾ?" ಅಂತ ಹಾವೇರಿಯಿಂದಲೂ ಒಬ್ಬರು ಕೇಳಿದ್ದಾರೆ. ಅದು ಬೇರೆ. ಸರ್ವೆ ದೇಶದ ಲೆಕ್ಕಕ್ಕೆ, ಆಶಾ ಅವರ ಫಾರ್ಮ್ ನಿಮ್ಮ ಲೆಕ್ಕಕ್ಕೆ. 30 ದಾಟಿದ ಎಲ್ಲರನ್ನೂ ಕೇಳಬೇಕು, ಯಾರನ್ನೂ ಬಿಡುವಂತಿಲ್ಲ. ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ಮೈಗೆ ಕೆಲಸ ಎಷ್ಟು, ಅಪ್ಪ ಅವ್ವನಿಗೆ ಬಿಪಿ ಶುಗರ್ ಇತ್ತಾ, ಒಂದೊಂದಕ್ಕೂ ಅಂಕ. ಒಟ್ಟು 4 ದಾಟಿದರೆ ತಪಾಸಣೆಗೆ ಮೊದಲು ಕಳಿಸುತ್ತಾರೆ. 60 ಆದವರಿಗೆ ವಯಸ್ಸಿನಿಂದಲೇ 4 ಬಂದುಬಿಡುತ್ತದೆ. ಬೆಟಗೇರಿಯವರಿಗೆ 52 ಅಂದರೆ ವಯಸ್ಸಿಗೇ 3. ಇನ್ನು ಸೊಂಟಕ್ಕೆ ಟೇಪ್ ಹಿಡಿದು ನೋಡಿ. ಗಂಡಸರಾದರೆ 90 ಸೆಂಟಿಮೀಟರ್ ದಾಟಿದರೆ ಒಂದು, 100 ದಾಟಿದರೆ ಎರಡು. ಹೆಂಗಸರಿಗೆ ಅದು 80 ಮತ್ತು 90. ಆಶಾ ಅವರು ಬರುವವರೆಗೆ ಕಾಯಬೇಕು ಅಂತೇನಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ನಮ್ಮ ಕ್ಲಿನಿಕ್‌ಗೋ ಹೋದರೆ ಬಿಪಿ, ಶುಗರ್ ನೋಡುತ್ತಾರೆ, ದುಡ್ಡು ಕೇಳುವುದಿಲ್ಲ.