ಒಂದು ಪಾಸ್‌ಪೋರ್ಟ್, 200 ನಿಮಿಷ

"ಒಬ್ಬ ಅಮೆರಿಕನ್ ಆಟಗಾರನಿಗೆ ಪೌರತ್ವ ಕೊಟ್ಟು ಕರ್ಕೊಂಡು ಬನ್ನಿ, ತಂಡ ತಾನಾಗೇ ಮೇಲೇಳುತ್ತೆ." ಬ್ಯಾಸ್ಕೆಟ್‌ಬಾಲ್ ಬಲ್ಲವರೇ ಹೀಗಂದಾಗ ಕೂತು ಲೆಕ್ಕ ತೋರಿಸುವುದೇ ವಾಸಿ.

ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಪಂದ್ಯ 40 ನಿಮಿಷ, ಅಂಕಣದಲ್ಲಿ ಐವರು. ತಂಡ ತುಂಬಬೇಕಾದದ್ದು 200 ನಿಮಿಷ. ಕರೆತಂದವನು ಎಷ್ಟೇ ಗಟ್ಟಿಗನಿರಲಿ, 35 ನಿಮಿಷ ಆಡಿಯಾನು. ಮಿಕ್ಕ 165 ಯಾರ ತಲೆಗೆ? ಇಬ್ಬರನ್ನು ತರೋಣವೆಂದರೆ ನಿಯಮ ಬಿಡದು: 16 ತುಂಬಿದ ಮೇಲೆ ಪೌರತ್ವ ಪಡೆದವರು 12 ಜನರಲ್ಲಿ ಒಬ್ಬರೇ ಇರಬಹುದು. ಅಜ್ಜಿ ಆ ದೇಶದವಳು ಅನ್ನುವುದಷ್ಟೇ ಸಾಲದು, ಪಾಸ್‌ಪೋರ್ಟ್ ಕೈಗೆ ಬಂದ ವಯಸ್ಸನ್ನೂ ನೋಡುತ್ತಾರೆ. ವಿನಾಯಿತಿಗಳುಂಟು, ಅವನ್ನು ನೆಚ್ಚಿ ತಂಡ ಕಟ್ಟಲಾಗದು.

ಜರ್ಮನಿಯನ್ನೇ ನೋಡಿ. 2019ರ ವಿಶ್ವಕಪ್‌ನಲ್ಲಿ 18ನೇ ಸ್ಥಾನ. 2023ರಲ್ಲಿ ಮನಿಲಾದಲ್ಲಿ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 113-111ರಿಂದ, ಫೈನಲ್‌ನಲ್ಲಿ ಸರ್ಬಿಯಾವನ್ನು 83-77ರಿಂದ ಸೋಲಿಸಿ, ಎಂಟಕ್ಕೆ ಎಂಟೂ ಗೆದ್ದು ಚಾಂಪಿಯನ್. ಆ 12 ಜನರಲ್ಲಿ ಪೌರತ್ವ ಕೊಟ್ಟು ತಂದವರು ಒಬ್ಬರೂ ಇರಲಿಲ್ಲ. ಹಿಂದಿನ ವರ್ಷ ಆ ಜಾಗದಲ್ಲಿ ಆಡಿದ್ದ ನಿಕ್ ವೈಲರ್-ಬ್ಯಾಬ್ ಈ ಸಲ ಬಂದಿರಲಿಲ್ಲ. ಸ್ಥಾನ ಖಾಲಿ ಬಿಟ್ಟೇ ಗೆದ್ದರು.

2021ರಲ್ಲಿ ಕೋಚ್ ಆಗಿ ಬಂದ ಗಾರ್ಡನ್ ಹರ್ಬರ್ಟ್ ಆಟಗಾರರ ಮುಂದಿಟ್ಟದ್ದು ಒಂದೇ ಷರತ್ತು: ಮೂರು ಬೇಸಿಗೆ ಬರಬೇಕು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರ ಮ್ಯಾಕ್ಸಿ ಕ್ಲೇಬರ್ 2023ಕ್ಕೆ ಸೇರುವುದಿತ್ತು. ಮೊದಲೇ ಮಾತು ಕೊಟ್ಟವರ ಸಾಲಿನಲ್ಲಿ ಅವರಿರಲಿಲ್ಲವೆಂದು ನಾಯಕ ಡೆನ್ನಿಸ್ ಷ್ರೋಡರ್ ಬಹಿರಂಗವಾಗಿಯೇ ಆಕ್ಷೇಪಿಸಿದರು, ಕ್ಲೇಬರ್ ಹಿಂದೆ ಸರಿದರು. ಒರಟು ನಡೆ, ನಿಜ. ಎಲ್ಲ ತಂಡಗಳೂ ಹೀಗೇ ಮಾಡಲಿ ಅನ್ನಲಾರೆ.

ಮೂರು ಬೇಸಿಗೆ ಯಾಕೆ ಬೇಕು ಅನ್ನುವುದೇ ಜನರಿಗೆ ಹತ್ತುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಎದುರಾಳಿ ಗಾರ್ಡ್ ಡ್ರಿಬಲ್ ಮಾಡುತ್ತ ಬರುತ್ತಾನೆ, ಅವರ ಸೆಂಟರ್ (ರಿಂಗ್ ಬಳಿ ಆಡುವ ಎತ್ತರದವನು) ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಗಾರ್ಡ್‌ನನ್ನು ಕಾಯುವ ನಮ್ಮವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಪಂದ್ಯಕ್ಕೆ ಹತ್ತಾರು ಸಲ ಇದೇ. ನಮ್ಮ ಸೆಂಟರ್ ಹಿಂದೆ ಸರಿದು ರಿಂಗ್ ಕಾಯಬೇಕೇ, ಇಬ್ಬರೂ ಆಳು ಬದಲಿಸಿಕೊಂಡು ಸ್ವಿಚ್ ಮಾಡಬೇಕೇ, ಮುಂದೆ ನುಗ್ಗಿ ಗಾರ್ಡ್‌ಗೆ ಅಡ್ಡ ನಿಲ್ಲಬೇಕೇ? ಅದನ್ನು ಕೂಗಿ ಹೇಳಬೇಕಾದವನು ಸೆಂಟರ್, ಅದೂ ಸ್ಕ್ರೀನ್ ತಗಲುವ ಮೊದಲೇ. ಕೂಗು ಅರ್ಧ ಸೆಕೆಂಡ್ ತಡವಾದರೆ ನಮ್ಮ ಇಬ್ಬರೂ ಚೆಂಡಿನವನ ಮೇಲೆಯೇ ಬೀಳುತ್ತಾರೆ, ಅವರ ಸೆಂಟರ್ ಒಬ್ಬನೇ ರಿಂಗ್ ಕಡೆ ಓಡುತ್ತಾನೆ. ಅವನನ್ನು ತಡೆಯಲು ಕಾರ್ನರ್‌ನಲ್ಲಿದ್ದ ನಮ್ಮವನು ಒಳಗೆ ಬರುತ್ತಾನೆ, ಚೆಂಡು ಅದೇ ಕಾರ್ನರ್‌ಗೆ ಹೋಗುತ್ತದೆ, ಮೂರು ಅಂಕ. ಗ್ಯಾಲರಿ ಬೈಯುವುದು ಕಾರ್ನರ್‌ನವನನ್ನು, ಪಾಪ.

ಎನ್‌ಬಿಎಯಿಂದ ಬಂದವನಿಗೆ ಇನ್ನೊಂದು ತೊಡಕು. ಅಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ ರಿಂಗ್ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ, ಫಿಬಾದಲ್ಲಿ ಡಿಫೆನ್ಸ್‌ಗೆ ಆ ನಿರ್ಬಂಧವಿಲ್ಲ. ಹಳೇ ಅಭ್ಯಾಸಕ್ಕೆ ಕಾಲು ತಾನಾಗೇ ಹೊರಗೆ ಸರಿಯುತ್ತದೆ. ನಾಲ್ಕೈದು ವಾರದ ಶಿಬಿರದಲ್ಲಿ ಇದನ್ನು ತಿದ್ದಬಹುದೇನೋ, ಉಳಿದ ನಾಲ್ವರ ಕೂಗಿಗೆ ಕಿವಿ ಹೊಂದಿಸಲು ಅಷ್ಟು ಸಾಲದು.

ಆ 165 ನಿಮಿಷ ತುಂಬುವವರು ಸಿಗಬೇಕಾದದ್ದು ದೇಶದ ಲೀಗ್‌ನಲ್ಲಿ. ಜರ್ಮನಿ 2006ರಲ್ಲಿ ಯುವಕರ ರಾಷ್ಟ್ರೀಯ ಲೀಗ್ ಆರಂಭಿಸಿತು. 2012-13ರಿಂದ ಬ್ಯಾಸ್ಕೆಟ್‌ಬಾಲ್ ಬುಂಡೆಸ್‌ಲೀಗಾದ (ದೇಶದ ಮೇಲ್ದರ್ಜೆಯ ಲೀಗ್) ಪ್ರತಿ ತಂಡದ 12ರಲ್ಲಿ ಕನಿಷ್ಠ ಆರು ಮಂದಿ ಜರ್ಮನ್ನರೇ ಇರಬೇಕೆಂದಾಯಿತು. ಕ್ಲಬ್‌ಗಳಿಗೆ ಎಳೆಯರನ್ನು ಬೆಳೆಸದೆ ಗತ್ಯಂತರವಿಲ್ಲ. ಅಮೆರಿಕದ ವಿರುದ್ಧ ಕೊನೆಯ ಎರಡು ನಿಮಿಷದಲ್ಲಿ ಅಂತರ ಒಂದೇ ಅಂಕಕ್ಕೆ ಇಳಿದಾಗ ತ್ರೀ ಪಾಯಿಂಟರ್ ಹಾಕಿದ ಆಂಡ್ರಿಯಾಸ್ ಓಬ್ಸ್ಟ್ ಎನ್‌ಬಿಎ ಆಟಗಾರನಲ್ಲ, ಜರ್ಮನಿಯದೇ ಕ್ಲಬ್ ಬಯರ್ನ್ ಮ್ಯೂನಿಕ್‌ನವರು. ಅಂದು ಅವರದು 24 ಅಂಕ.

ಜರ್ಮನಿಯ ಎನ್‌ಬಿಎ ದಿಗ್ಗಜ ಡಿರ್ಕ್ ನೊವಿಟ್ಸ್‌ಕಿಯಂಥವರು ಇದ್ದಾಗ ಸಿಕ್ಕಿದ್ದು 2002ರ ವಿಶ್ವ ಕಂಚು, 2005ರ ಯುರೋಪ್ ಬೆಳ್ಳಿ. ವಿಶ್ವಕಪ್ ಚಿನ್ನ ಬಂದದ್ದು ಅವರು ನಿವೃತ್ತರಾದ ಮೇಲೆ. ಹಾಗೆಂದು ಎಲ್ಲವೂ ಗೆಲುವೇ ಅಲ್ಲ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತರು. 2025ರ ಯುರೋಬಾಸ್ಕೆಟ್ (ಯುರೋಪ್ ಚಾಂಪಿಯನ್‌ಷಿಪ್) ಹೊತ್ತಿಗೆ ಹರ್ಬರ್ಟ್ ಇರಲಿಲ್ಲ. ಹೊಸ ಕೋಚ್ ಅಲೆಕ್ಸ್ ಮುಂಬ್ರು ಟೂರ್ನಿಯ ವೇಳೆಗೇ ಆಸ್ಪತ್ರೆ ಸೇರಿದರು, ತಂಡ ನಡೆಸಿದ್ದು ಸಹಾಯಕ. ರಿಗಾದ ಫೈನಲ್‌ನಲ್ಲಿ ಟರ್ಕಿ ವಿರುದ್ಧ 88-83ರ ಗೆಲುವು. ಅಂಕಣದಲ್ಲಿ ಅದೇ ಷ್ರೋಡರ್, ಫ್ರಾಂಜ್ ವಾಗ್ನರ್, ಓಬ್ಸ್ಟ್, ಟೈಸ್, ಬೊಂಗಾ.