ಕುಶಲಕರ್ಮಿ: ದರ್ಭೆಯ ಅಂಚಿನಿಂದ ಹೊರಟ ಪದ

ಮರಗೆಲಸ, ಬೆಸುಗೆ, ಗಾರೆ ಕೆಲಸ, ವಿದ್ಯುತ್ ಜೋಡಣೆ ಮುಂತಾದ ವೃತ್ತಿಗಳನ್ನು ಕಲಿಸುವ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಇಂತಹ ಬರಹಗಳಲ್ಲಿ ಪುಟಪುಟಕ್ಕೂ ಎದುರಾಗುವ ಪದ ‘ಕುಶಲಕರ್ಮಿ’. ಕೆಲವು ವರ್ಷಗಳ ಹಿಂದೆ ಒಂದು ಕರಡನ್ನು ಓದಿ ನೋಡಬೇಕೆಂದು ಹಿರಿಯ ಬಡಗಿಯೊಬ್ಬರನ್ನು ಕೇಳಿಕೊಂಡಿದ್ದೆ. ಅವರು ಓದಿ, ಆ ಪದದ ಮೇಲೆ ಬೆರಳಿಟ್ಟು, “ಸ್ವಾಮಿ, ಇದು ನಮ್ಮನ್ನು ಕರೆಯೋ ಹೆಸರೋ, ಅರ್ಜಿಯಲ್ಲಿ ಬರೆಯೋ ಹೆಸರೋ?” ಎಂದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಇಂದು ಕೊಡಬಹುದಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪದದ ಮೊದಲ ಭಾಗವಾದ ‘ಕುಶಲ’ಕ್ಕೆ ಸಂಸ್ಕೃತ ಪರಂಪರೆ ಕೊಡುವ ನಿರ್ವಚನ ಬಹಳ ಸೊಗಸಾಗಿದೆ. ಕುಶವನ್ನು, ಅಂದರೆ ದರ್ಭೆಯನ್ನು, ತರುವವನು ಕುಶಲ. ದರ್ಭೆಯ ಎಲೆಯ ಅಂಚು ಹರಿತವಾದದ್ದು. ಎಚ್ಚರವಿಲ್ಲದೆ ಎಳೆದರೆ ಬೆರಳನ್ನು ಕೊಯ್ಯುತ್ತದೆ. ಕೈಗೆ ಗಾಯ ಮಾಡಿಕೊಳ್ಳದೆ ಅದನ್ನು ಕಿತ್ತು ತರಲು ಎಲ್ಲಿ ಹಿಡಿಯಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದು ಕೈಗೆ ಗೊತ್ತಿರಬೇಕು. ‘ಕುಶಾಗ್ರಮತಿ’ ಎಂಬ ಮಾತಿನಲ್ಲಿ ಅದೇ ಹುಲ್ಲಿನ ಮೊನಚು ಬುದ್ಧಿಗೆ ಹೋಲಿಕೆಯಾಗಿದ್ದರೆ, ‘ಕುಶಲ’ದಲ್ಲಿ ಅದು ಕೈಗೆ ಒಡ್ಡಿದ ಪರೀಕ್ಷೆಯಾಗಿದೆ.

ಅಲಂಕಾರಶಾಸ್ತ್ರಜ್ಞರು ಈ ಪದವನ್ನು ಹಿಡಿದು ದೀರ್ಘವಾಗಿ ಚರ್ಚಿಸಿದ್ದಾರೆ. ಹನ್ನೊಂದನೆಯ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ‘ಕರ್ಮಣಿ ಕುಶಲಃ’, ಅಂದರೆ ‘ಕೆಲಸದಲ್ಲಿ ನಿಪುಣ’, ಎಂಬ ಮಾತನ್ನು ಲಕ್ಷಣೆಗೆ, ಅಂದರೆ ಪದದ ನೇರ ಅರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಿಸಿದ ಬೇರೆ ಅರ್ಥವನ್ನು ತೆಗೆದುಕೊಳ್ಳುವುದಕ್ಕೆ, ಉದಾಹರಣೆಯಾಗಿ ಕೊಡುತ್ತಾನೆ. ದರ್ಭೆ ತರುವವನು ಎಂಬ ಮೂಲಾರ್ಥ ಅಲ್ಲಿ ಹೊಂದುವುದಿಲ್ಲವಾದ್ದರಿಂದ, ರೂಢಿಯ ಬಲದಿಂದ ‘ನಿಪುಣ’ ಎಂಬ ಅರ್ಥ ಒದಗುತ್ತದೆ ಎಂಬುದು ಅವನ ವಾದ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಇದನ್ನು ಒಪ್ಪುವುದಿಲ್ಲ. ಪದ ಹುಟ್ಟಿದ ಕಾರಣ ಬೇರೆ, ಪದವನ್ನು ಬಳಸುವ ಕಾರಣ ಬೇರೆ. ‘ಕುಶಲ’ ಎಂದರೆ ನೇರವಾಗಿಯೇ ‘ನಿಪುಣ’ ಎನ್ನುತ್ತಾನೆ. ಅವನು ಕೊಡುವ ಯುಕ್ತಿ ಸರಳವಾದದ್ದು: ‘ಗೌಃ’ ಎಂಬ ಪದ ಚಲಿಸು ಎಂಬ ಅರ್ಥದ ಧಾತುವಿನಿಂದ ಬಂದಿದೆ ಎಂದಮಾತ್ರಕ್ಕೆ, ‘ಹಸು ಮಲಗಿದೆ’ ಎಂಬ ಮಾತನ್ನೂ ಲಾಕ್ಷಣಿಕವೆಂದು ಹೇಳಲಾದೀತೆ? ನನ್ನ ವೃತ್ತಿಯಲ್ಲಿ ನಾನು ವಿಶ್ವನಾಥನ ಪಕ್ಷದವನು. ವ್ಯುತ್ಪತ್ತಿ ಪದದ ಚರಿತ್ರೆಯನ್ನು ತಿಳಿಸುತ್ತದೆ. ಅದರ ಇಂದಿನ ಅರ್ಥವನ್ನು ಬಳಸುವವರ ಬಾಯಿಂದಲೇ ತಿಳಿಯಬೇಕು.

‘ಕರ್ಮಿ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕೆಲಸ ಮಾಡುವವರು ಎಂದರ್ಥ. ಗಮನಿಸಬೇಕಾದದ್ದೆಂದರೆ, ಇದೇ ಧಾತುವಿನ ಇನ್ನೊಂದು ಪದವನ್ನು ನಾವು ಬಹಳ ಹಿಂದೆಯೇ ನಮ್ಮದಾಗಿಸಿಕೊಂಡಿದ್ದೇವೆ. ವೇದಕಾಲದ ‘ಕರ್ಮಾರ’ನೇ ನಮ್ಮ ಕಮ್ಮಾರ.

ಕನ್ನಡದ ಆಡುಮಾತು ಎಲ್ಲ ಕುಶಲಿಗರನ್ನೂ ಒಂದೇ ಹೆಸರಿನಿಂದ ಕರೆಯುವ ಗೋಜಿಗೆ ಹೋದದ್ದು ಕಡಿಮೆ. ಅದು ಕೈಯಲ್ಲಿರುವ ವಸ್ತುವನ್ನು ನೋಡಿ ಹೆಸರಿಟ್ಟಿತು: ಕಲ್ಲು ಕುಟ್ಟುವವನು ಕಲ್ಕುಟಿಗ, ಕಂಚಿನ ಕೆಲಸದವನು ಕಂಚುಗಾರ, ಮಡಕೆ ಮಾಡುವವನು ಕುಂಬಾರ. ಇವೆಲ್ಲವನ್ನೂ ಒಳಗೊಳ್ಳುವ ಪದ ಬೇಕಾದಾಗ ಜನ ‘ಕಸುಬುದಾರ’ ಎಂದರು. ಗಳಿಕೆ ಎಂಬ ಅರ್ಥದ ಅರಬ್ಬಿಯ ‘ಕಸ್ಬ್’ ಎಂಬುದರಿಂದ ಬಂದ ಈ ಪದ ಹೊಟ್ಟೆಪಾಡನ್ನು ಹೇಳುತ್ತದೆಯೇ ಹೊರತು ನೈಪುಣ್ಯವನ್ನಲ್ಲ.

ನೈಪುಣ್ಯಕ್ಕೆ ಗೌರವ ಕೊಡಬೇಕಾದಾಗ ಕನ್ನಡ ಆರಿಸಿಕೊಂಡ ಪದಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ‘ದಾಸೋಜ’ ಎಂಬುದರ ಕೊನೆಯಲ್ಲಿರುವ ‘ಓಜ’ ಸಂಸ್ಕೃತದ ‘ಉಪಾಧ್ಯಾಯ’ ಪ್ರಾಕೃತದ ಮೂಲಕ ಸವೆದು ಬಂದ ರೂಪ. ಅದಕ್ಕೂ ಹಿಂದೆ, ಎಂಟನೆಯ ಶತಮಾನದ ಪಟ್ಟದಕಲ್ಲಿನ ಶಾಸನದಲ್ಲಿ ವಾಸ್ತುಶಿಲ್ಪಿ ಸರ್ವಸಿದ್ಧಿ ಆಚಾರಿಯ ಹೆಸರು ಬರುತ್ತದೆ. ‘ಆಚಾರಿ’ ಎಂಬುದು ‘ಆಚಾರ್ಯ’ವೇ. ಇಂದು ಮನೆ ಕಟ್ಟಿಸುವಾಗ ನಾವು ಕರೆಯುವ ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದವನು, ಶಾಲೆಯ ಮೇಷ್ಟ್ರು ಇಂಗ್ಲಿಷಿನ ‘ಮಾಸ್ಟರ್’ನಿಂದ ಬಂದವರು, ಈ ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಮಗಿಸ್ತರ್’ ಎಂಬ ಒಂದೇ ಪದ. ಓಜ, ಆಚಾರಿ, ಮೇಸ್ತ್ರಿ ಎಂಬ ಮೂರು ಪದಗಳು ಮೂರು ದಾರಿಯಲ್ಲಿ, ಬೇರೆ ಬೇರೆ ಕಾಲದಲ್ಲಿ ಬಂದರೂ, ಮೂರರ ಹಿಂದೆಯೂ ಕಲಿಸುವವರೇ ನಿಂತಿದ್ದಾರೆ. ಕೆಲಸ ಬಲ್ಲವರೆಂದರೆ ಅದನ್ನು ಇನ್ನೊಬ್ಬರ ಕೈಗೆ ದಾಟಿಸಬಲ್ಲವರು ಎಂಬ ತಿಳಿವಳಿಕೆ ಇಲ್ಲಿ ಕೆಲಸ ಮಾಡಿದೆ ಎಂದು ನಾನು ತಿಳಿಯುತ್ತೇನೆ. ‘ಕುಶಲಕರ್ಮಿ’ಯಲ್ಲಿ ಕೈಯಿದೆ, ಕೆಲಸವಿದೆ, ಕಲಿಸುವಿಕೆ ಮಾತ್ರ ಇಲ್ಲ. ಈ ಕೊರತೆ ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗೆಂದು ಹಳೆಯ ಪದಗಳಿಗೆ ಮರಳಲು ಸಾಧ್ಯವಿಲ್ಲ. ಬಳಕೆ ಅವುಗಳನ್ನು ಬೇರೆಡೆಗೆ ಒಯ್ದಿದೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ರೂವಾರಿ’ ಎಂದರೆ ಶಿಲ್ಪಿ. ಈಗಿನ ಪತ್ರಿಕೆಗಳಲ್ಲಿ ಯೋಜನೆಯೊಂದನ್ನು ರೂಪಿಸಿದವರು ಅದರ ರೂವಾರಿಗಳು. ಕೈಯಿಂದಲೇ ಹೊರಟ ‘ಕೈಗಾರಿಕೆ’ ಇಂದು ಮನುಷ್ಯನ ಕೈ ಸೋಕದೆ ಯಂತ್ರದಿಂದ ಯಂತ್ರಕ್ಕೆ ವಸ್ತು ಸಾಗುವ ಕಾರ್ಖಾನೆಗೂ ಸಲ್ಲುತ್ತದೆ. ಕಮ್ಮಾರ, ಬಡಗಿ, ಕುಂಬಾರ, ಆಚಾರಿ ಎಂಬವು ಕೆಲಸದ ಹೆಸರುಗಳಾಗಿ ಉಳಿಯದೆ ಹುಟ್ಟಿನ ಹೆಸರುಗಳೂ ಆಗಿಬಿಟ್ಟವು. ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಕಲಿತು ಬೆಸುಗೆ ಹಾಕುವ ಯುವತಿಯನ್ನು ಈ ಹಳೆಯ ಹೆಸರುಗಳಲ್ಲಿ ಯಾವುದರಿಂದ ಕರೆಯೋಣ? ಇಲ್ಲಿ ‘ಕುಶಲಕರ್ಮಿ’ಯ ಹಿರಿಮೆ ಕಾಣುತ್ತದೆ. ಅದು ಜಾತಿಯನ್ನು ಹೇಳುವುದಿಲ್ಲ, ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ. ಕೈಗೆ ಬಂದಿರುವ ವಿದ್ಯೆಯನ್ನಷ್ಟೇ ಹೇಳುತ್ತದೆ. ಕಚೇರಿಯ ಪದವಾಗಿರುವುದರಿಂದಲೇ ಅದಕ್ಕೆ ಈ ಸ್ವಾತಂತ್ರ್ಯ ದೊರೆತಿದೆ. ಆದ್ದರಿಂದ ಕೈಪಿಡಿಗಳಲ್ಲಿ ಒಟ್ಟಾರೆಯಾಗಿ ಹೇಳುವಾಗ ‘ಕುಶಲಕರ್ಮಿ’ ಎಂದೂ, ಒಬ್ಬರನ್ನು ಕುರಿತು ಹೇಳುವಾಗ ಅವರವರ ಕೆಲಸದ ಹೆಸರನ್ನು ಹಿಡಿದು ‘ಮರಗೆಲಸದವರು’, ‘ಬೆಸುಗೆಯವರು’ ಎಂದೂ ಬರೆಯುತ್ತೇನೆ.

ನಾನು ಒಪ್ಪಲಾರದ ಪದವೆಂದರೆ ಇದರ ನೆರಳಾಗಿ ಬಂದ ‘ಅಕುಶಲ ಕಾರ್ಮಿಕ’. ಕನಿಷ್ಠ ವೇತನದ ಅಧಿಸೂಚನೆಗಳು ಕೂಲಿಯನ್ನು ನಿಗದಿಪಡಿಸಲು ಕೆಲಸವನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸುತ್ತವೆ. ವೇತನದ ಪಟ್ಟಿಗೆ ಅಂತಹ ವಿಂಗಡಣೆ ಬೇಕಾಗಬಹುದು. ಆದರೆ ಪಟ್ಟಿಯಿಂದ ಹೊರಬಂದು ಮನುಷ್ಯರಿಗೆ ಅಂಟಿಕೊಂಡಾಗ ಆ ಪದ ಬೇರೆಯೇ ಆಗುತ್ತದೆ. ‘ಕುಶಲ’ಕ್ಕೆ ಕ್ಷೇಮ, ಒಳಿತು ಎಂಬ ಅರ್ಥಗಳೂ ಇವೆ, ‘ಕುಶಲವೇ?’ ಎಂದು ನಾವು ಕೇಳುವುದು ಅದನ್ನೇ. ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ‘ಅಕುಸಲ’ ಎಂದರೆ ಕೆಟ್ಟದ್ದು, ತೊರೆಯಬೇಕಾದದ್ದು. ಇಟ್ಟಿಗೆಗಳನ್ನು ತಲೆಯ ಮೇಲೆ ಒಂದರ ಮೇಲೊಂದು ಪೇರಿಸಿಕೊಂಡು, ಕೈಬಿಟ್ಟು, ಏಣಿ ಹತ್ತುವ ಹೆಂಗಸಿನ ಕತ್ತು, ಸೊಂಟ, ಪಾದಗಳಿಗೆ ಗೊತ್ತಿರುವುದು ನನಗೂ ನಿಮಗೂ ಗೊತ್ತಿಲ್ಲ. ಕಾನೂನಿನ ಪಠ್ಯವನ್ನು ಅನುವಾದಿಸುವಾಗ ಆ ಪದವನ್ನು ಇದ್ದಂತೆಯೇ ಉಳಿಸಬೇಕಾಗುತ್ತದೆ. ಉಳಿದ ಕಡೆಗಳಲ್ಲಿ, ಕಲಿಯುತ್ತಿರುವವರಾದರೆ ‘ಕಲಿಕೆಯಲ್ಲಿರುವವರು’ ಎಂದೂ, ಹೊರುವವರಾದರೆ ‘ಹೊರೆ ಕೆಲಸದವರು’ ಎಂದೂ ಬರೆಯುತ್ತೇನೆ. ಆ ಹಿರಿಯರಿಗೆ ಮುಂದಿನ ಕರಡನ್ನು ಕೊಟ್ಟಾಗ, ಪೆನ್ಸಿಲ್ಲಿನಲ್ಲಿ ಅವರು ತಿದ್ದಿದ್ದು ಒಂದು ಅಳತೆಯನ್ನು ಮಾತ್ರ.